ಪುಷ್ಪಶಿಲ್ಪಿ ಲೂಥರ್ ಬರ್ಬ್ಯಾಂಕ್

ರಾಜ್ಯಗಳನ್ನು ಕಟ್ಟಿದವರ ಚರಿತ್ರೆಯೂ ರಣರಂಗದಲ್ಲಿ ಗೆದ್ದವರ ಚರಿತ್ರೆಯೂ ನಮ್ಮ ಶಾಲೆಗಳ ಮಕ್ಕಳಿಗೆ ಕಂಠಸ್ಥವಾಗಿರುತ್ತವೆ. ಆದರೆ ನಾವು ದಿನನಿತ್ಯ ಉಣ್ಣುವ ಕಾಯಿಪಲ್ಯಕ್ಕೆ ಇಂದಿನ ಗಾತ್ರವನ್ನೂ, ಅಂಗಳದಲ್ಲಿ ಅರಳುವ ಹೂವಿಗೆ ಇಂದಿನ ಬಣ್ಣವನ್ನೂ ಕೊಟ್ಟವರು ಯಾರೆಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಹೂವು ದೇವರು ಕೊಟ್ಟದ್ದು, ಅದನ್ನು ಮನುಷ್ಯನು ಮಾಡುವುದೆಂದರೇನು ಎಂದೇ ಬಹುಮಂದಿಯ ತಿಳಿವಳಿಕೆ. ಈ ತಿಳಿವಳಿಕೆ ಅರ್ಧ ಮಾತ್ರ ನಿಜ. ತೋಟಗಳಲ್ಲಿ ನಾವು ಕಾಣುವ ಗುಲಾಬಿ, ಸೇವಂತಿಗೆ, ಡೇಲಿಯಾ, ಗ್ಲಾಡಿಯೋಲಸ್ ಮೊದಲಾದವುಗಳಲ್ಲಿ ಬಹುಪಾಲು ಯಾವ ಕಾಡಿನಲ್ಲಿಯೂ ದೊರೆಯತಕ್ಕವಲ್ಲ. ತಲೆಮಾರುಗಳ ಕಾಲ ಮನುಷ್ಯರು ಆರಿಸಿ, ಬೆರಸಿ, ಬೇಡವಾದುದನ್ನು ಕಿತ್ತೆಸೆದು ಪಡೆದಂಥವು. ಈ ವಿದ್ಯೆಯಲ್ಲಿ ಜಗತ್ಪ್ರಸಿದ್ಧನಾದವನು ಅಮೆರಿಕದ ಲೂಥರ್ ಬರ್ಬ್ಯಾಂಕ್. ಆತನ ಜೀವಿತದಲ್ಲಿ ಅನುಕರಣೀಯವಾದದ್ದು ಎಷ್ಟಿದೆಯೋ ಎಚ್ಚರಿಕೆಯ ಪಾಠವೂ ಅಷ್ಟೇ ಇರುವುದರಿಂದ, ಅದನ್ನು ವಾಚಕರ ಮುಂದಿಡುವುದು ಯುಕ್ತವೆಂದು ನಾವು ಭಾವಿಸಿದ್ದೇವೆ.

ಬರ್ಬ್ಯಾಂಕನು 1849ನೆಯ ಇಸವಿ ಮಾರ್ಚ್ 7ರಂದು ಅಮೆರಿಕದ ಪೂರ್ವಭಾಗದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ ಜನಿಸಿದನು. ತಂದೆಗೆ ಬೇಸಾಯವೂ ಇಟ್ಟಿಗೆಯ ಕೆಲಸವೂ ಜೀವನೋಪಾಯವಾಗಿದ್ದವು. ಸಂಸಾರವು ದೊಡ್ಡದು, ಲೂಥರನು 13ನೆಯ ಮಗು. ತಾಯಿಗೆ ಹೂದೋಟವೆಂದರೆ ಪ್ರೀತಿ. ಆ ಪ್ರೀತಿಯೇ ಮಗನಿಗೆ ಬಂದ ಮೊದಲನೆಯ ಆಸ್ತಿ. ಊರಿನ ಅಕಾಡೆಮಿಯಲ್ಲಿ ಪ್ರೌಢಶಾಲೆಯ ಮಟ್ಟದವರೆಗೆ ಓದಿದುದೇ ಆತನ ಶಾಲಾವಿದ್ಯೆ. ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವನು ಎಂದೂ ಹತ್ತಲಿಲ್ಲ. ಕೆಲವು ಕಾಲ ವೂಸ್ಟರ್ ಪಟ್ಟಣದ ನೇಗಿಲಿನ ಕಾರ್ಖಾನೆಯಲ್ಲಿ ದುಡಿದನು. ದೇಹವು ಕೃಶ, ಆರೋಗ್ಯವು ಅಷ್ಟಕ್ಕಷ್ಟೆ. ಕಾರ್ಖಾನೆಯ ಧೂಳು ಅವನಿಗೆ ಒಗ್ಗಲಿಲ್ಲ. ತಂದೆಯು ಕಾಲವಾದ ತರುವಾಯ ತನ್ನ ಪಾಲಿಗೆ ಬಂದ ಹಣದಿಂದ ಲೂನನ್‌ಬರ್ಗ್ ಎಂಬಲ್ಲಿ 17 ಎಕರೆ ಭೂಮಿಯನ್ನು ಕೊಂಡು ತರಕಾರಿ ಬೆಳೆಯತೊಡಗಿದನು.

ಈ ಸುಮಾರಿಗೆ ಆತನ ಕೈಗೆ ಒಂದು ಗ್ರಂಥವು ಬಂತು. ಮನುಷ್ಯನು ಸಾಕಿದ ಪ್ರಾಣಿಗಳಲ್ಲಿಯೂ ಬೆಳಸಿದ ಸಸ್ಯಗಳಲ್ಲಿಯೂ ಉಂಟಾಗುವ ಭೇದಗಳನ್ನು ಕುರಿತು ಚಾರ್ಲ್ಸ್ ಡಾರ್ವಿನನು 1868ರಲ್ಲಿ ಪ್ರಕಟಿಸಿದ್ದ ಎರಡು ಸಂಪುಟಗಳವು. ಒಂದೇ ತಾಯಿಯ ಮಕ್ಕಳಂತೆ ಒಂದೇ ಕಾಯಿಯ ಬೀಜಗಳೂ ತಮ್ಮತಮ್ಮಲ್ಲಿ ಭಿನ್ನವಾಗಿರುತ್ತವೆ. ಆ ಭೇದವನ್ನು ಕಂಡು, ಬೇಕಾದುದನ್ನು ಉಳಿಸಿಕೊಂಡು ಹೋದರೆ ಸಸ್ಯದ ರೂಪವೇ ಕ್ರಮವಾಗಿ ಬದಲಾಗುತ್ತದೆ ಎಂಬುದು ಅದರ ಸಾರ. ಸಾವಿರಾರು ವಿದ್ವಾಂಸರು ಈ ಗ್ರಂಥವನ್ನು ಓದಿ ವಾದಿಸಿದರು. ತರಕಾರಿ ಬೆಳೆಯುತ್ತಿದ್ದ ಈ ತರುಣನು ಓದಿ, ಗುದ್ದಲಿಯನ್ನು ಕೈಗೆ ತೆಗೆದುಕೊಂಡನು.

ಫಲವು ಬೇಗನೆ ಕಂಡಿತು. ಆಲೂಗಡ್ಡೆಯನ್ನು ಗಡ್ಡೆಯ ಹೋಳಿನಿಂದಲೇ ಬೆಳೆಯುವುದು ವಾಡಿಕೆ; ಹೋಳಿನಿಂದ ಹುಟ್ಟಿದ ಗಿಡವು ತಾಯಿಯ ಪಡಿಯಚ್ಚು; ಅದರಲ್ಲಿ ಹೊಸತೇನೂ ಬರಲಾರದು. ಹೊಸತು ಬೇಕಾದರೆ ಬೀಜದಿಂದ ಬೆಳೆಯಬೇಕು. ಅರ್ಲಿ ರೋಸ್ ಎಂಬ ಜಾತಿಯ ಆಲೂಗಡ್ಡೆ ಬೀಜಗಟ್ಟುವುದೇ ಅಪೂರ್ವ. 1872ರಲ್ಲಿ ಅಂಥ ಗಿಡವೊಂದರಲ್ಲಿ ಬರ್ಬ್ಯಾಂಕನು ಒಂದು ಬೀಜದ ಕಾಯಿಯನ್ನು ಕಂಡನು, ಬಲಿಯಲೆಂದು ಕಾದನು. ಒಂದು ದಿನ ನೋಡಿದರೆ ಕಾಯಿಯು ಗಿಡದಲ್ಲಿರಲಿಲ್ಲ. ದಿನವೂ ನೆಲವನ್ನು ಹುಡುಕಿ ಕೊನೆಗೆ ಅದನ್ನು ಕಂಡುಕೊಂಡದ್ದಾಗಿ ಆತನೇ ಹೇಳಿಕೊಂಡಿದ್ದಾನೆ. ಅದರಲ್ಲಿದ್ದ ಬೀಜಗಳು 23. ಅವನ್ನು ಬಿತ್ತಿ ಬೆಳೆಯಿಸಿದಾಗ ಒಂದೊಂದು ಗಿಡದ ಗಡ್ಡೆಯೂ ಒಂದೊಂದು ತೆರನಾಗಿತ್ತು. ಅವುಗಳಲ್ಲಿ ಒಂದು, ಗಾತ್ರದಲ್ಲಿಯೂ ಬಿಳುಪಿನಲ್ಲಿಯೂ ಇಳುವರಿಯಲ್ಲಿಯೂ ಉಳಿದೆಲ್ಲವನ್ನೂ ಮೀರಿತ್ತು. ಇದರ ಹಕ್ಕನ್ನು ಬೀಜದ ವ್ಯಾಪಾರಿಯಾದ ಗ್ರೆಗರಿ ಎಂಬವನಿಗೆ ಮಾರಿದನು. ಕೇಳಿದ್ದು 500 ಡಾಲರು, ದೊರೆತದ್ದು 150. ತನಗಾಗಿ 10 ಗಡ್ಡೆಗಳನ್ನು ಇಟ್ಟುಕೊಳ್ಳಲು ಅನುಮತಿಯಾಯಿತು. ಆ ಆಲೂಗಡ್ಡೆಯಿಂದ ಹೊರಟ ರಸೆಟ್ ಬರ್ಬ್ಯಾಂಕ್ ಎಂಬುದು ಮುಂದೆ ಅಮೆರಿಕದ ಪ್ರಧಾನ ತಳಿಗಳಲ್ಲಿ ಒಂದಾಗಿ ಕೋಟ್ಯಂತರ ಜನರಿಗೆ ಆಹಾರವಾಯಿತು. ಅದನ್ನು ಪಡೆದವನಿಗೆ ಬಂದದ್ದು ಆ 150 ಡಾಲರು ಮಾತ್ರ. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸಂಗ ಬರಲಿದೆ.

1875ರಲ್ಲಿ ಬರ್ಬ್ಯಾಂಕನು ಆ ಹಣವನ್ನೂ ಹತ್ತು ಗಡ್ಡೆಗಳನ್ನೂ ಕಟ್ಟಿಕೊಂಡು, ದೇಶದ ಮತ್ತೊಂದು ಅಂಚಿನಲ್ಲಿರುವ ಕ್ಯಾಲಿಫೋರ್ನಿಯಕ್ಕೆ ಹೊರಟನು. ಅವನ ಅಣ್ಣಂದಿರು ಮೊದಲೇ ಅಲ್ಲಿಗೆ ಹೋಗಿದ್ದರು. ಸಾಂಟಾ ರೋಸಾ ಎಂಬ ಸಣ್ಣ ಊರಿನ ಮಣ್ಣನ್ನೂ ಹವೆಯನ್ನೂ ಕಂಡು, ಗಿಡ ಬೆಳೆಯುವವನಿಗೆ ಇದಕ್ಕಿಂತ ಉತ್ತಮವಾದ ಸ್ಥಳ ಭೂಮಿಯ ಮೇಲಿಲ್ಲವೆಂದು ನಿಶ್ಚಯಿಸಿದನು. ಆದರೆ ಸ್ಥಳವು ಉತ್ತಮವಾದ ಮಾತ್ರಕ್ಕೆ ಹೊಟ್ಟೆ ತುಂಬದು. ಬಡಗಿಗಳ ಜತೆಯಲ್ಲಿ ದಿನಗೂಲಿ ಮಾಡಿದನು, ಕೆಲಸ ಸಿಕ್ಕದ ದಿನ ಉಪವಾಸವಿದ್ದನು, ಜ್ವರಬಿದ್ದು ಕಂಗೆಟ್ಟನು. ಎರಡು ವರ್ಷಗಳು ಕಳೆದ ಮೇಲೆ ಸ್ವಂತ ಸಸ್ಯಾಗಾರವನ್ನು ತೆರೆದನು. ಮೊದಮೊದಲು ವ್ಯಾಪಾರವು ತೀರ ಅಲ್ಪವಾಗಿತ್ತು.

ಅವನ ಹೆಸರನ್ನು ಆ ಸೀಮೆಯಲ್ಲಿ ನೆಲೆಗೊಳಿಸಿದ್ದು 1881ರ ಒಂದು ಸಾಹಸ. ಡಟನ್ ಎಂಬ ಧನಿಕನಿಗೆ ಒಂದೇ ಋತುವಿನೊಳಗೆ 20,000 ಪ್ರೂನ್ ಸಸಿಗಳು ಬೇಕಾದವು. ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲ. ವಾಡಿಕೆಯ ಕ್ರಮದಲ್ಲಿ ಅದಕ್ಕೆ ಎರಡು ಮೂರು ವರ್ಷ ಬೇಕು. ಬಾದಾಮಿಯ ಬೀಜವು ಬೇಗನೆ ಮೊಳೆಯುತ್ತದೆಂಬುದನ್ನೂ, ಅದರ ಸಸಿಗೆ ಪ್ರೂನಿನ ಕಣ್ಣು ಹತ್ತಿಕೊಳ್ಳುತ್ತದೆಂಬುದನ್ನೂ ಬರ್ಬ್ಯಾಂಕನು ತಿಳಿದಿದ್ದನು. ಬಾದಾಮಿಯನ್ನು ತೇವದ ಮರಳಿನಲ್ಲಿ ಮೊಳೆಯಿಸಿ, ನೆಟ್ಟು, ಬೇಸಗೆಯಲ್ಲಿ ಕಣ್ಣುಕಸಿ ಮಾಡಿಸಿ, ವರ್ಷವು ಮುಗಿಯುವುದರೊಳಗೆ 19,500 ಸಸಿಗಳನ್ನು ಒಪ್ಪಿಸಿದನು. ಇದರಲ್ಲಿ ಹೊಸ ತಳಿಯೇನೂ ಹುಟ್ಟಲಿಲ್ಲ, ನಿಜ. ಆದರೆ ಗಿಡದ ಸ್ವಭಾವವನ್ನು ಬಲ್ಲವನಿಗೆ ಕಾಲವೂ ಸ್ವಲ್ಪ ಬಗ್ಗುತ್ತದೆಂಬುದನ್ನು ಊರು ಕಂಡಿತು. 1885ರಲ್ಲಿ ಸಾಂಟಾ ರೋಸಾಕ್ಕೆ ಸುಮಾರು 7 ಮೈಲಿ ದೂರದ ಸೆಬಾಸ್ಟೊಪೊಲಿನಲ್ಲಿ ಗೋಲ್ಡ್ ರಿಜ್ ಎಂಬ ಕ್ಷೇತ್ರವನ್ನು ಕೊಂಡನು. ಊರೊಳಗಿನ 4 ಎಕರೆಯ ತೋಟವೂ ಈ ಕ್ಷೇತ್ರವೂ ಸೇರಿ ಮುಂದಿನ ನಾಲ್ಕು ದಶಕಗಳ ಕಾಲ ಅವನ ಪ್ರಯೋಗಶಾಲೆಯಾದವು. ಮೂರು ವರ್ಷಗಳ ತರುವಾಯ, ಲಾಭ ತರುತ್ತಿದ್ದ ಸಸಿ ಮಾರುವ ವ್ಯಾಪಾರದ ತನ್ನ ಪಾಲನ್ನು ಪಾಲುದಾರನಿಗೆ ಬಿಟ್ಟುಕೊಟ್ಟು, ಹೊಸ ತಳಿಗಳ ನಿರ್ಮಾಣಕ್ಕೇ ತನ್ನನ್ನು ಮುಡಿಪಾಗಿಟ್ಟನು. ಬಂಧುಮಿತ್ರರು ಇದನ್ನು ಅವಿವೇಕವೆಂದೆಣಿಸಿದ್ದರೆ ಆಶ್ಚರ್ಯವಿಲ್ಲ.

ಈತನು ನಿರ್ಮಿಸಿದ ತಳಿಗಳು 800ಕ್ಕೂ ಮಿಕ್ಕಿವೆ. ಪ್ಲಮ್ ಹಣ್ಣುಗಳೇ ನೂರಕ್ಕೆ ಮೇಲ್ಪಟ್ಟಿವೆ. ಅವನ್ನೆಲ್ಲ ಎಣಿಸುತ್ತ ಹೋಗುವುದಕ್ಕಿಂತ, ಒಂದೇ ಒಂದು ಹೂವಿನ ಕಥೆಯನ್ನು ವಿಸ್ತಾರವಾಗಿ ಹೇಳಿದರೆ ಆತನ ವಿದ್ಯೆಯ ಮರ್ಮವು ಚೆನ್ನಾಗಿ ತಿಳಿದೀತು. ಆ ಹೂವು ಶಾಸ್ತಾ ಡೇಸಿ.

ಬರ್ಬ್ಯಾಂಕನ ಹುಟ್ಟೂರಿನ ಸುತ್ತಣ ಹೊಲಗಳಲ್ಲಿ ಆಕ್ಸ್-ಐ ಡೇಸಿ ಎಂಬ ಗಿಡವು ಯಥೇಚ್ಛವಾಗಿ ಬೆಳೆಯುತ್ತಿತ್ತು. ನಡುವೆ ಹಳದಿಯ ಬಟ್ಟಲು, ಸುತ್ತಲೂ ಬಿಳಿಯ ಎಸಳು. ಯೂರೋಪಿನಿಂದ ವಲಸೆ ಬಂದು ಹುಲ್ಲುಗಾವಲನ್ನು ಆಕ್ರಮಿಸಿದ ಈ ಕಳೆಯನ್ನು ರೈತರು ಶಪಿಸುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಎಲ್ಲ ದೇಶಗಳಿಗೂ ಸಲ್ಲತಕ್ಕದ್ದು. ಆದರೆ ಲೂಥರನಿಗೆ ಬಾಲ್ಯದಿಂದ ಆ ಹೂವಿನ ಮೇಲೆ ಮಮತೆ. ಅದರ ಗಡುಸುತನ, ಕೊರತೆಯಲ್ಲಿಯೂ ಹೂ ಬಿಡುವ ಔದಾರ್ಯ, ಇವೆರಡನ್ನು ಅವನು ಕಂಡಿದ್ದನು. 1884ರ ಸುಮಾರಿಗೆ ಅದನ್ನು ಸಾಂಟಾ ರೋಸಾದಲ್ಲಿ ಬೆಳೆಯತೊಡಗಿದನು. ಕೈಹಾಕುವ ಮುನ್ನ ಗುರಿಯೇನೆಂಬುದನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ಚಿತ್ರಿಸಿಕೊಂಡನು: ಹೂವು ದೊಡ್ಡದಾಗಿರಬೇಕು, ಎಸಳು ಹಿಮದಷ್ಟು ಬೆಳ್ಳಗಿರಬೇಕು, ಕಾಂಡವು ನೀಳವಾಗಿ, ಕವಲೊಡೆಯದೆ, ನಯವಾಗಿರಬೇಕು, ಬಹುಕಾಲ ಅರಳುತ್ತಿರಬೇಕು, ಕೊಯ್ದು ನೀರಿನಲ್ಲಿಟ್ಟರೆ ದಿನಗಟ್ಟಲೆ ಬಾಡದಿರಬೇಕು.

ಮೊದಲು ಆಯ್ಕೆಯ ಕೆಲಸ. ಪ್ರತಿವರ್ಷವೂ ದೊಡ್ಡ ಹೂವಿನ ಗಿಡಗಳ ಬೀಜವನ್ನು ಮಾತ್ರ ಕೂಡಿಟ್ಟು ಬಿತ್ತಿದನು. ಸ್ವಲ್ಪ ಸುಧಾರಣೆ ಕಂಡಿತು, ಆಮೇಲೆ ನಿಂತಿತು. ಇದ್ದ ಗುಣಗಳನ್ನು ಆಯ್ಕೆಯು ಮೇಲಕ್ಕೆ ತರಬಲ್ಲದಲ್ಲದೆ ಇಲ್ಲದ ಗುಣವನ್ನು ಹುಟ್ಟಿಸಲಾರದು. ಅದಕ್ಕೆ ಬೇರೆ ರಕ್ತವು ಕೂಡಬೇಕು. ಹೀಗಾಗಿ ಇಂಗ್ಲೆಂಡಿನಿಂದ ಹೂವು ದೊಡ್ಡದಾದ, ಆದರೆ ಒರಟಾದ ಒಂದು ಡೇಸಿಯನ್ನೂ, ಪೋರ್ತುಗಾಲಿನ ಮತ್ತೊಂದನ್ನೂ ತರಿಸಿ ಸಂಕರ ಮಾಡಿದನು.

ಸಂಕರವೆಂದರೆ ಹೇಳಿದಷ್ಟು ಸುಲಭವಲ್ಲ. ಡೇಸಿಯಲ್ಲಿ, ನಮ್ಮ ಸೇವಂತಿಗೆ ಸೂರ್ಯಕಾಂತಿಗಳಲ್ಲಿರುವಂತೆ, ನಮಗೆ ಒಂದು ಹೂವೆಂದು ತೋರುವುದು ವಾಸ್ತವವಾಗಿ ನೂರಾರು ಕಿರುಹೂಗಳ ಸಭೆ. ನಡುವಿನ ಬಟ್ಟಲಿನ ಒಂದೊಂದು ಚುಕ್ಕೆಯೂ ಒಂದೊಂದು ಹೂವು. ಸುತ್ತಣ ಒಂದೊಂದು ಎಸಳೂ ಒಂದೊಂದು ಹೂವು. ಗುಲಾಬಿಯಲ್ಲಿಯಾದರೆ ಪರಾಗ ಹೊರುವ ಕೇಸರಗಳನ್ನು ಚಿಮಟದಿಂದ ಕಿತ್ತುಹಾಕಬಹುದು; ಇಲ್ಲಿ ಅದು ಅಸಾಧ್ಯಪ್ರಾಯ. ಬರ್ಬ್ಯಾಂಕನು ಕಂಡ ಉಪಾಯವು ಸರಳವಾದದ್ದು. ನೀರಿನ ಸಣ್ಣ ಧಾರೆಯಿಂದ ಹೂವನ್ನು ತೊಳೆದು ಅದರ ಸ್ವಂತ ಪರಾಗವನ್ನು ಹೋಗಲಾಡಿಸುವನು. ಒಣಗಿದ ಮೇಲೆ ಬೇಕಾದ ಜಾತಿಯ ಹೂವನ್ನು ತಂದು ಮೆಲ್ಲಗೆ ಉಜ್ಜುವನು. ಇತರ ಸಸ್ಯಗಳ ವಿಷಯದಲ್ಲಿ ಪರಾಗವನ್ನು ಗಡಿಯಾರದ ಗಾಜಿನಲ್ಲಿ ಕೂಡಿಟ್ಟು ಬೆರಳ ತುದಿಯಿಂದಲೋ ಕುಂಚದಿಂದಲೋ ಮುಟ್ಟಿಸುವನು. ಇದಕ್ಕಿಂತ ಹೆಚ್ಚಿನ ಉಪಕರಣವೇನೂ ಅವನಲ್ಲಿರಲಿಲ್ಲ.

ಸಂಕರದ ಮೊದಲ ತಲೆಮಾರನ್ನು ಕಂಡು ನಿರಾಶರಾಗಿ ಕೈಬಿಟ್ಟವರು ಬಹುಮಂದಿ. ತಂದೆತಾಯಿಗಳ ಗುಣಗಳು ಬಿಡಿಬಿಡಿಯಾಗಿ ಹಂಚಿಹೋಗಿ ಹೊಸ ಹೊಸ ಜೋಡಣೆಗಳು ಕಾಣಿಸಿಕೊಳ್ಳುವುದು ಎರಡನೆಯ ತಲೆಮಾರಿನಲ್ಲಿ. ಆಸ್ಟ್ರಿಯ ದೇಶದ ಮಠವೊಂದರಲ್ಲಿ ಗ್ರೆಗರ್ ಮೆಂಡೆಲನು ಬಟಾಣಿಯ ಗಿಡಗಳಲ್ಲಿ ಈ ನಿಯಮವನ್ನು ಲೆಕ್ಕವಿಟ್ಟು ಕಂಡುಹಿಡಿದು 1866ರಲ್ಲಿಯೇ ಪ್ರಕಟಿಸಿದ್ದನು. ಆದರೆ 1900ರವರೆಗೆ ಲೋಕವು ಅದನ್ನು ಲಕ್ಷಿಸಲಿಲ್ಲ. ಬರ್ಬ್ಯಾಂಕನಿಗೆ ಮೆಂಡೆಲನ ಲೆಕ್ಕ ತಿಳಿಯದು; ಎರಡನೆಯ ತಲೆಮಾರನ್ನು ಕಾಯಬೇಕೆಂಬುದು ಮಾತ್ರ ಅನುಭವದಿಂದ ತಿಳಿದಿತ್ತು. ಹೀಗೆ ವರ್ಷ ವರ್ಷವೂ ಸಾವಿರಾರು ಸಸಿಗಳನ್ನು ಬೆಳಸಿ, ಸಾಲುಗಳ ನಡುವೆ ನಡೆದು, ಕೆಲವನ್ನು ಮಾತ್ರ ಗುರುತಿಟ್ಟು, ಉಳಿದವನ್ನು ಕೀಳಿಸುತ್ತಿದ್ದನು. ಹೂವು ದೊಡ್ಡದಾಯಿತು, ಕಾಂಡವು ನೀಳವಾಯಿತು. ಆದರೂ ಬಿಳುಪಿನಲ್ಲಿ ಮಾಸಲು ಉಳಿಯಿತು. ಅದಕ್ಕಾಗಿ ಜಪಾನಿನ ಸಮುದ್ರತೀರದ ಒಂದು ಡೇಸಿಯನ್ನು ತರಿಸಿದನು. ಅದರ ಹೂವು ಚಿಕ್ಕದು. ಬಿಳುಪು ಮಾತ್ರ ಕಣ್ಣು ಕೋರೈಸುವಂಥದು. ಇದರ ಪರಾಗವನ್ನು ತನ್ನ ಸಂಕರದ ಮೇಲೆ ಪ್ರಯೋಗಿಸಿದ ಮೇಲೆ ಬೇಕಾದ ಹೂವು ದೊರೆಯಿತೆಂದು ಅವನ ಹೇಳಿಕೆ.

ಒಮ್ಮೆ ದೊರೆತ ಗುಣವು ಬೀಜದಲ್ಲಿ ಮತ್ತೆ ಚದರಿಹೋಗದೆ? ಹೋಗುತ್ತದೆ. ಆದುದರಿಂದಲೇ ಹೂಗಾರನು ಉತ್ತಮವಾದ ಗಿಡವನ್ನು ಬೀಜದಿಂದ ಮುಂದುವರಿಸುವುದಿಲ್ಲ. ಬಾಳೆಯನ್ನು ಕಂದಿನಿಂದ ಬೆಳೆಯುವಂತೆ, ಡೇಸಿಯ ಬುಡವನ್ನು ಸೀಳಿ ನೆಡುತ್ತಾರೆ. ಒಂದು ಗಿಡವು ನೂರಾಗಿ, ಲಕ್ಷವಾಗಿ, ಎಲ್ಲವೂ ಆ ಒಂದೇ ಗಿಡದ ತುಂಡುಗಳಾಗಿರುತ್ತವೆ. 17 ವರ್ಷಗಳ ಶ್ರಮದ ತರುವಾಯ 1901ರಲ್ಲಿ ಬರ್ಬ್ಯಾಂಕನು ಈ ಹೂವನ್ನು ಲೋಕಕ್ಕೆ ಕೊಟ್ಟನು. ಉತ್ತರ ಕ್ಯಾಲಿಫೋರ್ನಿಯದ ಹಿಮಾಚ್ಛಾದಿತವಾದ ಶಾಸ್ತಾ ಪರ್ವತದ ಹೆಸರನ್ನು ಅದಕ್ಕೆ ಇಟ್ಟನು. ರೈತನು ಶಪಿಸಿದ ಕಳೆಯು ಲೋಕದ ಉದ್ಯಾನಗಳಲ್ಲಿ ಗೌರವದ ಸ್ಥಾನವನ್ನು ಪಡೆಯಿತು, ಇಂದಿಗೂ ಪಡೆದಿದೆ.

ಹೂವುಗಳಲ್ಲಿ ಆತನ ಕೆಲಸವು ಇದೊಂದೇ ಅಲ್ಲ. ಕ್ಯಾಲಿಫೋರ್ನಿಯದ ಕಾಡುಗಸಗಸೆಯ ಹೂವು ಹೊಂಬಣ್ಣದ್ದು. ಅದರಲ್ಲಿ ಒಂದು ಗಿಡದ ಒಂದು ಎಸಳಿನ ಮೇಲೆ ಕೂದಲಿನಷ್ಟು ಸಣ್ಣದಾದ ಕೆಂಪುಗೆರೆಯನ್ನು ಕಂಡು, ಅದರ ಬೀಜವನ್ನು ಉಳಿಸಿ, ವರ್ಷಗಳ ಆಯ್ಕೆಯಿಂದ ಆ ಗೆರೆಯನ್ನು ಅಗಲಿಸುತ್ತ ಹೋಗಿ, ಇಡೀ ಹೂವನ್ನೇ ಕಡುಗೆಂಪಾಗಿಸಿದನು. ವಾಸನೆಯಿಲ್ಲದ ಕ್ಯಾಲಾ ಸಸಿಗಳ ನಡುವೆ ಒಂದರಲ್ಲಿ ಮಾತ್ರ ಕಂಪಿರುವುದನ್ನು ಮೂಗಿನಿಂದ ಕಂಡು ಅದರಿಂದ ಸುವಾಸನೆಯ ತಳಿಯನ್ನು ಮಾಡಿದನು. 1904ರ ಸೇಂಟ್ ಲೂಯಿಸ್ ಮಹಾಪ್ರದರ್ಶನದಲ್ಲಿ ಆತನ ಗುಲಾಬಿಗೆ ಚಿನ್ನದ ಪದಕವು ಬಂತು. ಇವೆಲ್ಲವುಗಳಲ್ಲಿ ವಾಚಕರು ಗಮನಿಸಬೇಕಾದದ್ದು ಒಂದೇ: ಹೊಸ ಗುಣವು ಮೊದಲು ಕಾಣಿಸಿಕೊಳ್ಳುವುದು ಒಂದು ಗೆರೆಯಷ್ಟಾಗಿ, ಒಂದು ಸುಳಿವಷ್ಟಾಗಿ. ಸಾವಿರ ಗಿಡಗಳನ್ನು ದಾಟಿ ಹೋಗುವವನು ಅದನ್ನು ಕಾಣದೆ ಹೋದರೆ ಅದು ಆ ಋತುವಿನೊಂದಿಗೆ ನಾಶವಾಗುತ್ತದೆ.

ನೋಡುವ ಕಣ್ಣಿನಷ್ಟೇ ಬಿಡುವ ಮನಸ್ಸೂ ಬೇಕು. ಬರ್ಬ್ಯಾಂಕನು 1893ರಲ್ಲಿ ತನ್ನ ಹೊಸ ತಳಿಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಅದರಲ್ಲಿ, ಸುಡುವುದಕ್ಕಾಗಿ ರಾಶಿ ಹಾಕಿದ ಬೆರ್ರಿ ಗಿಡಗಳ ಚಿತ್ರವಿದೆ. ಎರಡು ಮೂರು ವರ್ಷ ಸಾಕಿದ, ಹಣ್ಣು ಬಿಡುತ್ತಿದ್ದ 65,000 ಗಿಡಗಳು ಆ ಒಂದು ರಾಶಿಯಲ್ಲಿದ್ದವು. ಆ ಗಿಡಗಳು ಕೆಟ್ಟವಲ್ಲ; ಬೇರೊಬ್ಬನು ಅವನ್ನು ಮಾರಿ ಹಣ ಮಾಡಿಕೊಳ್ಳುತ್ತಿದ್ದನು. ಅತ್ಯುತ್ತಮವಲ್ಲವೆಂಬುದೊಂದೇ ಅವುಗಳ ದೋಷ. ಅತ್ಯುತ್ತಮವಾದ ಕೆಲವನ್ನು ಉಳಿಸಿಕೊಂಡು ಮಿಕ್ಕವನ್ನು ಬೆಂಕಿಗೆ ಹಾಕುವ ಧೈರ್ಯವಿಲ್ಲದವನು ಈ ವಿದ್ಯೆಗೆ ತಕ್ಕವನಲ್ಲ.

ಆ ಪಟ್ಟಿಗೆ ಆತನು ಕೊಟ್ಟ ಹೆಸರಿನಲ್ಲಿ ಹೊಸ ಸೃಷ್ಟಿಗಳೆಂಬ ಪದವಿತ್ತು. ಸೃಷ್ಟಿಯು ದೇವರ ಹಕ್ಕೆಂದು ಕೆಲವು ಧರ್ಮೋಪದೇಶಕರು ಸಿಟ್ಟಾದರು. ವರ್ತಮಾನ ಪತ್ರಿಕೆಗಳು ಎದುರು ಪಕ್ಷವನ್ನು ಹಿಡಿದು ಆತನನ್ನು ಮಾಂತ್ರಿಕನೆಂದು ಹೊಗಳಿದವು. ನಿಂದೆಗಿಂತ ಈ ಹೊಗಳಿಕೆಯೇ ಆತನಿಗೆ ಹೆಚ್ಚು ಕೇಡನ್ನು ಮಾಡಿತೆಂದು ನಮ್ಮ ಅಭಿಪ್ರಾಯ. ಮಂತ್ರದಿಂದ ಆದದ್ದಕ್ಕೆ ಲೆಕ್ಕವನ್ನು ಯಾರು ಕೇಳುತ್ತಾರೆ? ಲೆಕ್ಕ ಕೇಳುವವರು ಬಂದಾಗ ಮಾಂತ್ರಿಕನು ಏನನ್ನು ತೋರಿಸುತ್ತಾನೆ?

ಅಂಥವರು ಬಂದರು. ಹಾಲೆಂಡಿನ ಪ್ರಖ್ಯಾತ ಸಸ್ಯಶಾಸ್ತ್ರಜ್ಞನಾದ ಹ್ಯೂಗೋ ಡ ವ್ರೀಸನು 1904ರಲ್ಲಿ ಸಾಂಟಾ ರೋಸಾಕ್ಕೆ ಹೋಗಿ ತೋಟವನ್ನು ನೋಡಿದನು. ಮರುವರ್ಷ ವಾಷಿಂಗ್ಟನ್ನಿನ ಕಾರ್ನೆಗೀ ಸಂಸ್ಥೆಯು ಬರ್ಬ್ಯಾಂಕನಿಗೆ ವರ್ಷಕ್ಕೆ 10,000 ಡಾಲರಿನಂತೆ ಸಹಾಯದ್ರವ್ಯವನ್ನು ಕೊಡತೊಡಗಿತು. ಆತನ ಅನುಭವವನ್ನು ಶಾಸ್ತ್ರೀಯವಾಗಿ ಬರೆದುಕೊಳ್ಳಲು ಜಾರ್ಜ್ ಶಲ್ ಎಂಬ ತರುಣ ವಿದ್ವಾಂಸನನ್ನು ಕಳುಹಿಸಿತು. ಈ ಶಲ್ಲನು ಮುಂದೆ ಸಂಕರದ ಮೆಕ್ಕೆಜೋಳದ ಸಂಶೋಧನೆಯಿಂದ ಕೀರ್ತಿ ಪಡೆದವನು. ಅವನಿಗೆ ಬೇಕಾದದ್ದು ಯಾವ ಗಿಡಕ್ಕೆ ಯಾವುದರ ಪರಾಗ, ಎಷ್ಟು ಬೀಜ, ಎಷ್ಟರಲ್ಲಿ ಯಾವ ಗುಣ ಎಂಬ ದಾಖಲೆ. ಬರ್ಬ್ಯಾಂಕನಲ್ಲಿ ಇದ್ದದ್ದು ಅಲ್ಲಲ್ಲಿ ಗೀಚಿದ ಗುರುತುಗಳು, ಮಿಕ್ಕದ್ದೆಲ್ಲ ತಲೆಯಲ್ಲಿ. ಅಲ್ಲದೆ, ಬದುಕಿನಲ್ಲಿ ಗಳಿಸಿದ ಗುಣವು ಸಂತಾನಕ್ಕೆ ಇಳಿಯುತ್ತದೆಂದು ಆತನು ಕೊನೆಯವರೆಗೆ ನಂಬಿದ್ದನು. ಶಾಸ್ತ್ರವು ಅದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದಿತ್ತು. ಐದು ವರ್ಷಗಳಲ್ಲಿ ಸಂಸ್ಥೆಯು ಸಹಾಯವನ್ನು ನಿಲ್ಲಿಸಿತು.

ಇಲ್ಲಿ ತಪ್ಪು ಯಾರದು? ವಿದ್ವಾಂಸರು ಅಹಂಕಾರಿಗಳು, ಕೈಕೆಲಸದವನ ಬೆಲೆಯನ್ನು ಅರಿಯದವರು ಎಂದು ಹೇಳುವುದು ಸುಲಭ. ನಾವು ಹಾಗೆ ಹೇಳಲಾರೆವು. ಬರ್ಬ್ಯಾಂಕನು ವ್ಯಾಪಾರದ ಒತ್ತಡದಲ್ಲಿ ಹೊಟ್ಟೆಹೊರೆದವನು. ರಹಸ್ಯವು ಹೊರಬಿದ್ದರೆ ಬೇರೊಬ್ಬನು ಅದನ್ನು ಬಳಸಿಕೊಳ್ಳುವನೆಂಬ ಭಯ ಅವನಿಗಿದ್ದುದು ಸಹಜ. ಆದರೂ ನಷ್ಟವು ನಷ್ಟವೇ. ಶಾಸ್ತಾ ಡೇಸಿಯನ್ನೇ ನೋಡಿರಿ. ಅದರಲ್ಲಿ ನಾಲ್ಕು ಜಾತಿಗಳ ರಕ್ತವಿದೆಯೆಂದು ಆತನ ಹೇಳಿಕೆ. ಸಸ್ಯಶಾಸ್ತ್ರದ ಗ್ರಂಥಗಳು ಇಂದು ಅದನ್ನು ಸಾಮಾನ್ಯವಾಗಿ ಎರಡು ಐರೋಪ್ಯ ಜಾತಿಗಳ ಸಂಕರವೆಂದು ವರ್ಣಿಸುತ್ತವೆ. ಒಂದು ರೂಲುಪುಸ್ತಕದಲ್ಲಿ ದಿನದಿನದ ಕೆಲಸವನ್ನು ಬರೆದಿಟ್ಟಿದ್ದರೆ ಈ ಭೇದಕ್ಕೆ ಅವಕಾಶವೇ ಇರುತ್ತಿರಲಿಲ್ಲ. 1914 ಮತ್ತು 1915ರಲ್ಲಿ ಆತನ ಹೆಸರಿನಲ್ಲಿ 12 ಸಂಪುಟಗಳು ಬಣ್ಣದ ಚಿತ್ರಗಳೊಂದಿಗೆ ಹೊರಬಂದವು. ಅವು ಓದಲು ಸೊಗಸಾಗಿವೆ. ಆದರೆ ಆ ದಾಖಲೆಯ ಸ್ಥಾನವನ್ನು ತುಂಬಲಾರವು.

ಕೀರ್ತಿಯ ಎರಡನೆಯ ಪೆಟ್ಟು ಪಾಪಾಸುಕಳ್ಳಿಯಿಂದ ಬಂತು. ಮುಳ್ಳಿಲ್ಲದ ಕಳ್ಳಿಯನ್ನು ಮಾಡಿದರೆ ಮರುಭೂಮಿಯು ದನಗಳಿಗೆ ಮೇವಿನ ಸೀಮೆಯಾಗುವುದೆಂಬುದು ಆತನ ಉದಾತ್ತವಾದ ಹಂಬಲ. ವರ್ಷಗಳ ಕಾಲ ದುಡಿದು ಅಂಥ ತಳಿಗಳನ್ನು ಪಡೆದನು. ಆದರೆ ಮುಳ್ಳು ಗಿಡದ ಕವಚ. ಅದು ಹೋದ ಮೇಲೆ ಬೇಲಿಯಿಲ್ಲದೆ ಗಿಡವು ಉಳಿಯದು. ನೀರಿಲ್ಲದೆ ಹೆಚ್ಚು ಬೆಳೆಯದು. ಸಟ್ಟಾ ವ್ಯಾಪಾರಿಗಳು ಒಂದೊಂದು ಎಲೆಗೂ ವಿಪರೀತ ಬೆಲೆಯನ್ನು ಏರಿಸಿದರು. 1912ರಲ್ಲಿ ಆತನ ಹೆಸರನ್ನು ಹೊತ್ತ ಒಂದು ಕಂಪನಿಯು ಹುಟ್ಟಿತು. ಅದರ ಆಡಳಿತವು ಆತನ ಕೈಯಲ್ಲಿರಲಿಲ್ಲ. ಕೆಲವೇ ವರ್ಷಗಳಲ್ಲಿ ದಿವಾಳಿಯೆದ್ದಿತು. ಷೇರು ಕೊಂಡು ಹಣ ಕಳೆದುಕೊಂಡವರು ಶಪಿಸಿದ್ದು ಬರ್ಬ್ಯಾಂಕನ ಹೆಸರನ್ನೇ. ಹೆಸರನ್ನು ಬಾಡಿಗೆಗೆ ಕೊಡುವವನು ಗೌರವವನ್ನು ಒತ್ತೆಯಿಟ್ಟಂತೆಯೇ ಸರಿ.

ಇಷ್ಟಾದರೂ ಜನಸಾಮಾನ್ಯರ ವಿಶ್ವಾಸವು ಅಳಿಯಲಿಲ್ಲ. 1915ರಲ್ಲಿ ಥಾಮಸ್ ಎಡಿಸನ್, ಹೆನ್ರಿ ಫೋರ್ಡ್ ಮುಂತಾದವರು ಆತನ ತೋಟಕ್ಕೆ ಬಂದು ಹೋದರು. ನಮ್ಮ ದೇಶದ ಪರಮಹಂಸ ಯೋಗಾನಂದರು ಸಾಂಟಾ ರೋಸಾದಲ್ಲಿ ಆತನನ್ನು ಕಂಡು ಸ್ನೇಹವನ್ನು ಬೆಳಸಿದರು. 1946ರಲ್ಲಿ ಪ್ರಕಟವಾದ ತಮ್ಮ ಆತ್ಮಚರಿತ್ರೆಯನ್ನು ಆತನ ಸ್ಮರಣೆಗೆ ಅರ್ಪಿಸಿದರು. ಬರ್ಬ್ಯಾಂಕನಿಗೆ ಸ್ವಂತ ಮಕ್ಕಳಿರಲಿಲ್ಲ. 1907ರಲ್ಲಿ ಮಕ್ಕಳ ಶಿಕ್ಷಣವನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಬರೆದು, ಎಳೆಯ ಮಕ್ಕಳನ್ನು ಹತ್ತು ವರ್ಷದವರೆಗೆ ಶಾಲೆಯ ಕೊಠಡಿಯಲ್ಲಿ ಕೂಡಿಹಾಕಬಾರದು, ಬಯಲಿನಲ್ಲಿ ಬೆಳೆಯಬಿಡಬೇಕು ಎಂದು ವಾದಿಸಿದನು. ಗಿಡವನ್ನು ಸಾಕುವ ಮಮತೆಯನ್ನು ಮಕ್ಕಳಿಗೆ ತೋರಿಸಿರೆಂಬುದು ಒಪ್ಪತಕ್ಕದ್ದು. ಮನುಷ್ಯರನ್ನೂ ಗಿಡಗಳಂತೆ ಆರಿಸಬಹುದೆಂದು ಆ ಕಾಲದ ಅನೇಕರು ತಿಳಿದದ್ದು ಮಾತ್ರ ಎಲ್ಲಿಗೆ ಕೊಂಡೊಯ್ದಿತೆಂಬುದನ್ನು ಲೋಕವು ಮುಂದೆ ಕಂಡಿತು. 65,000 ಗಿಡಗಳ ರಾಶಿಗೆ ಬೆಂಕಿಯಿಡುವ ನ್ಯಾಯವು ತೋಟದ ಬೇಲಿಯ ಹೊರಗೆ ನಡೆಯತಕ್ಕದ್ದಲ್ಲ.

ಆತನ ಅಂತ್ಯವು ಶೋಚನೀಯವಾದದ್ದು. 1926ರ ಜನವರಿಯಲ್ಲಿ ಪತ್ರಿಕೆಯೊಂದರ ಬಾತ್ಮೀದಾರನಿಗೆ ಆತನು, ಸಂಪ್ರದಾಯದ ಮತದಲ್ಲಿ ತನಗೆ ನಂಬಿಕೆಯಿಲ್ಲವೆಂದೂ ಮರಣಾನಂತರದ ಸ್ವರ್ಗನರಕಗಳನ್ನು ತಾನು ಒಪ್ಪುವುದಿಲ್ಲವೆಂದೂ ನಿಸ್ಸಂಕೋಚವಾಗಿ ಹೇಳಿದನು. ದೇಶಾದ್ಯಂತ ಗುಲ್ಲೆದ್ದಿತು. ಸಾವಿರಾರು ಕಾಗದಗಳು ಬಂದವು. ಕೆಲವು ಮೆಚ್ಚಿಕೆಯವು, ಕೆಲವು ಬೈಗುಳದವು, ಕೆಲವು ಪಶ್ಚಾತ್ತಾಪಪಡಬೇಕೆಂದು ಬೇಡುವವು. ಎಪ್ಪತ್ತಾರು ವರ್ಷದ ಮುದುಕನು ಅವಕ್ಕೆಲ್ಲ ಉತ್ತರ ಕೊಟ್ಟು ತನ್ನ ಭಾವವನ್ನು ವಿಶದಪಡಿಸಲು ಹೆಣಗಿದನು. ದೇಹವು ಸೋತಿತು. ಏಪ್ರಿಲ್ 11ರಂದು ತೀರಿಕೊಂಡನು. ತನ್ನ ಮನೆಯ ಮುಂದೆ ತಾನೇ ಬೆಳಸಿದ ಲೆಬನಾನಿನ ದೇವದಾರು ವೃಕ್ಷದ ಕೆಳಗೆ ಆತನನ್ನು ಹೂಳಿದರು.

ಈಗ ಆ 150 ಡಾಲರಿನ ವಿಷಯ. ಯಂತ್ರವನ್ನು ಕಂಡುಹಿಡಿದವನಿಗೆ ಅಮೆರಿಕದ ಕಾಯಿದೆಯು ಪೇಟೆಂಟನ್ನು ಕೊಡುತ್ತಿತ್ತು. ಹೊಸ ಸಸ್ಯವನ್ನು ಪಡೆದವನಿಗೆ ಏನನ್ನೂ ಕೊಡುತ್ತಿರಲಿಲ್ಲ. ಮೊದಲನೆಯ ಗಿಡವನ್ನು ಮಾರಿದ ದಿನವೇ ಅದು ಊರಿನ ಸೊತ್ತು. ಕೊಂಡವನು ಸೀಳಿ ಸೀಳಿ ಮಾರಿಕೊಳ್ಳಬಹುದು. ಬರ್ಬ್ಯಾಂಕನು ಬಾಳಿನುದ್ದಕ್ಕೂ ಈ ಅನ್ಯಾಯದ ವಿಷಯದಲ್ಲಿ ಕೊರಗಿದನು. ಆತನು ಸತ್ತ ನಾಲ್ಕು ವರ್ಷಗಳ ಮೇಲೆ, 1930ರಲ್ಲಿ, ಸಸ್ಯಗಳ ಪೇಟೆಂಟ್ ಕಾಯಿದೆಯು ಹುಟ್ಟಿತು. ಆ ಚರ್ಚೆಯಲ್ಲಿ ಆತನ ಹೆಸರು ಮತ್ತೆ ಮತ್ತೆ ಬಂತು. ಎಡಿಸನ್ನನು ಕಾಯಿದೆಯನ್ನು ಬೆಂಬಲಿಸಿದನು. ಆತನ ಪತ್ನಿಯಾದ ಎಲಿಜಬೆತ್ತಳ ಪ್ರಯತ್ನದಿಂದ, ಮರಣಾನಂತರ 16 ಪೇಟೆಂಟುಗಳು ಆತನ ಹೆಸರಿಗೆ ಬಂದವು. ವಿಧಿಯ ಪರಿಹಾಸವೆಂದರೆ, ಗಡ್ಡೆಯಿಂದ ಬೆಳೆಯುವ ಆಲೂಗಡ್ಡೆಯಂಥ ಸಸ್ಯಗಳನ್ನು ಆ ಕಾಯಿದೆಯು ಹೊರಗಿಟ್ಟಿತು. ಅದು 1872ರಲ್ಲಿಯೇ ಇದ್ದಿದ್ದರೂ ಬರ್ಬ್ಯಾಂಕನಿಗೆ ಆಲೂಗಡ್ಡೆಯಿಂದ ಹೆಚ್ಚಿನ ದುಡ್ಡು ಬರುತ್ತಿರಲಿಲ್ಲ.

ಈ ಹಕ್ಕಿನ ಪ್ರಶ್ನೆಗೆ ಎರಡು ಮುಖಗಳುಂಟು. ನಿರ್ಮಿಸಿದವನಿಗೆ ಪ್ರತಿಫಲವಿಲ್ಲದಿದ್ದರೆ ಅವನು ರಹಸ್ಯವನ್ನು ಕಾಯುತ್ತಾನೆ, ವಿದ್ಯೆಯು ಅವನೊಡನೆ ಸಾಯುತ್ತದೆ. ಹಕ್ಕನ್ನು ಮಿತಿಮೀರಿ ಕೊಟ್ಟರೆ, ಬೀಜವನ್ನು ಉಳಿಸಿಕೊಂಡು ಬಿತ್ತುವ ರೈತನು ಕಳ್ಳನೆನಿಸುತ್ತಾನೆ. ನಮ್ಮ ದೇಶವು 2001ರ ಕಾಯಿದೆಯಲ್ಲಿ ತಳಿಕಾರನ ಹಕ್ಕನ್ನೂ ರೈತನ ಹಕ್ಕನ್ನೂ ಒಟ್ಟಿಗೆ ಬರೆದದ್ದು ಈ ಕಾರಣದಿಂದಲೇ. ಅದು ನ್ಯಾಯವಾದ ದಾರಿಯೆಂದು ನಮಗೆ ತೋರುತ್ತದೆ. ಡಾರ್ವಿನನ ಪುಸ್ತಕವಿಲ್ಲದೆ ಬರ್ಬ್ಯಾಂಕನಿಲ್ಲ. ಹೆಸರಿಲ್ಲದ ರೈತರು ಶತಮಾನಗಳ ಕಾಲ ಉಳಿಸಿದ ಆಲೂಗಡ್ಡೆಯಿಲ್ಲದೆ ಆ 23 ಬೀಜಗಳೂ ಇಲ್ಲ.

ಬರ್ಬ್ಯಾಂಕನು ಮಾಂತ್ರಿಕನಲ್ಲ, ಪಂಡಿತನೂ ಅಲ್ಲ. ನೋಡುವ ಕಣ್ಣು, ಕಾಯುವ ತಾಳ್ಮೆ, ಬಿಡುವ ಧೈರ್ಯ ಈ ಮೂರನ್ನು ಪೂರ್ಣವಾಗಿ ಪಡೆದ ತೋಟಗಾರ. ನಾಲ್ಕನೆಯದಾದ ಬರೆದಿಡುವ ಅಭ್ಯಾಸವೊಂದು ಇದ್ದಿದ್ದರೆ ಆತನ ವಿದ್ಯೆಯೂ ಆತನ ಹೂವಿನಂತೆಯೇ ಉಳಿಯುತ್ತಿತ್ತು. ನಮ್ಮ ವಾಚಕರಲ್ಲಿ ಮನೆಯ ಮುಂದೆ ನಾಲ್ಕು ಗಿಡಗಳನ್ನು ಸಾಕಿದವರು ಅನೇಕರಿದ್ದಾರೆ. ಯಾವುದಾದರೊಂದು ದಾಸವಾಳದಲ್ಲಿಯೋ ಸೇವಂತಿಗೆಯಲ್ಲಿಯೋ ಹಿಂದೆ ಕಾಣದ ಒಂದು ಗೆರೆ ಅವರ ಕಣ್ಣಿಗೂ ಬಿದ್ದೀತು. ಬಿದ್ದ ದಿನ ಅದರ ಬೀಜವನ್ನಾಗಲಿ ರೆಂಬೆಯನ್ನಾಗಲಿ ಉಳಿಸಲಿ. ಯಾವ ಗಿಡ, ಯಾವ ತಿಂಗಳು, ಪಕ್ಕದಲ್ಲಿದ್ದ ಗಿಡ ಯಾವುದು ಎಂಬಿಷ್ಟನ್ನು ಒಂದು ಪುಸ್ತಕದಲ್ಲಿ ಬರೆಯಲಿ. ಅದಕ್ಕೆ ಹಣವೂ ಬೇಡ, ಪದವಿಯೂ ಬೇಡ.